ಅಟ್ಟದ ಮೇಲಿನ ದೂರದರ್ಶನ

ನಮ್ಮ ವಾಚನಾಲಯಕ್ಕೆ ಪುಸ್ತಕಗಳು ಬರುವ ದಾರಿ ವಾಚಕರಿಗೆ ಗೊತ್ತೇ ಇದೆ. ಕೆಲವನ್ನು ನಾವು ಕೊಳ್ಳುತ್ತೇವೆ. ಉಳಿದವು ಮನೆ ಬದಲಿಸುವವರು, ಊರು ಬಿಡುವವರು, ಹಿರಿಯರು ತೀರಿಕೊಂಡ ಮೇಲೆ ಕಪಾಟು ಖಾಲಿ ಮಾಡುವವರು ತಂದು ಕೊಟ್ಟವು. ಮಾದಾಪುರದಂಥ ಬಾಡಿಗೆ ಮನೆಗಳ ಬಡಾವಣೆಯಲ್ಲಿ ಈ ಎರಡನೆಯ ದಾರಿಯೇ ದೊಡ್ಡದು. ಈಚಿನ ವರ್ಷಗಳಲ್ಲಿ ಇಂಥ ಪುಸ್ತಕದ ಕಟ್ಟುಗಳ ನಡುವೆ ಇನ್ನೊಂದು ಬಗೆಯ ವಸ್ತುವೂ ಬರತೊಡಗಿದೆ. ಕರಿಯ ಪ್ಲಾಸ್ಟಿಕ್ಕಿನ ವಿಡಿಯೊ ಕ್ಯಾಸೆಟ್ಟುಗಳು, ಕಾಗದದ ಲಕೋಟೆಯಲ್ಲಿ ಇಟ್ಟ ವಿ.ಸಿ.ಡಿ.ಗಳು, ಡಿ.ವಿ.ಡಿ. ಪೆಟ್ಟಿಗೆಗಳು. ಬೆನ್ನಿನ ಮೇಲೆ ನೀಲಿ ಶಾಯಿಯಲ್ಲಿ ‘ಮಾಲ್ಗುಡಿ’, ‘ಮಾಯಾಮೃಗ’, ‘ರಾಮಾಯಣ ಭಾನುವಾರ’ ಎಂದು ಬರೆದಿರುತ್ತದೆ. ಅದರ ಕೆಳಗೆ ಎರಡು ಗೆರೆ ಎಳೆದು ‘ಅಳಿಸಬಾರದು’ ಎಂಬ ಅಪ್ಪಣೆ. ಕೊಡುವವರು ಕೇಳುವ ಪ್ರಶ್ನೆ ಒಂದೇ: “ಇದನ್ನು ನೋಡುವ ಯಂತ್ರ ನಮ್ಮಲ್ಲಿಲ್ಲ, ಎಸೆಯಲು ಮನಸ್ಸು ಬರುವುದಿಲ್ಲ, ಏನು ಮಾಡೋಣ?” ಈ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಹೇಳಿ ಮುಗಿಸುವಂತಿಲ್ಲವಾದುದರಿಂದ, ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಒಂದು ಹಳೆಯ ಸಂಗತಿ. ಕನ್ನಡ ದೂರದರ್ಶನದ ತೊಟ್ಟಿಲು ಬೆಂಗಳೂರು ಎಂದು ನಾವೆಲ್ಲ ತಿಳಿದಿದ್ದೇವೆ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಆದರೆ ಅದಕ್ಕೆ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಎರವಲು ಪಡೆದು ನಮ್ಮ ದೇಶ ಒಂದು ಪ್ರಯೋಗ ನಡೆಸಿತು. ‘ಸೈಟ್’ ಎಂದು ಅದರ ಹೆಸರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ದೊಡ್ಡ ಜಾಲರಿಯ ಆಂಟೆನಾ ನಿಲ್ಲಿಸಿ, ಸಾಯಂಕಾಲ ಬೇಸಾಯ, ಆರೋಗ್ಯ, ಶಿಕ್ಷಣಗಳ ಕಾರ್ಯಕ್ರಮಗಳನ್ನು ತೋರಿಸಿದರು. ಕರ್ನಾಟಕದ ಪಾಲಿಗೆ ಬಂದ ಜಿಲ್ಲೆಗಳು ಗುಲ್ಬರ್ಗ, ರಾಯಚೂರು, ಬಿಜಾಪುರ. ಆ ಹಳ್ಳಿಗಳು ಕಂಡ ಕನ್ನಡ ಕಾರ್ಯಕ್ರಮಗಳು ತಯಾರಾದದ್ದು ನಮ್ಮ ಈ ಹೈದರಾಬಾದಿನಲ್ಲಿ. ತೆಲುಗಿಗೂ ಕನ್ನಡಕ್ಕೂ ಸೇರಿ ಇಲ್ಲೊಂದು ನಿರ್ಮಾಣ ಕೇಂದ್ರವಿತ್ತು. ಅವುಗಳಲ್ಲಿ ಒಂದನ್ನಾದರೂ ಯಾರ ಮನೆಯ ಅಟ್ಟದಲ್ಲಿಯಾದರೂ ಹುಡುಕೋಣವೆಂದರೆ ಸಿಗುವ ಸಂಭವವೇ ಇಲ್ಲ. ಏಕೆಂದರೆ ಆ ವರ್ಷ ಆ ಹಳ್ಳಿಗಳಲ್ಲಿ ಟಿ.ವಿ. ಇದ್ದದ್ದೇ ಪಂಚಾಯತಿಯ ಕಟ್ಟೆಯ ಮೇಲೆ, ಶಾಲೆಯ ಅಂಗಳದಲ್ಲಿ; ಪ್ರಸಾರವನ್ನು ಹಿಡಿದಿಡುವ ಯಂತ್ರ ಯಾರಲ್ಲಿಯೂ ಇರಲಿಲ್ಲ. ನೋಡಿದವರ ಕಣ್ಣಿನಲ್ಲಿ ಉಳಿದಷ್ಟೇ ಉಳಿಯಿತು.

ಆ ಯಂತ್ರ ಹುಟ್ಟಿದ್ದೂ ಸರಿಸುಮಾರಾಗಿ ಅದೇ ಕಾಲದಲ್ಲಿ. ಸೋನಿ ಕಂಪನಿ 1975ರಲ್ಲಿ ಬೀಟಾಮ್ಯಾಕ್ಸ್ ತಂದಿತು; ಮರುವರ್ಷ ಜೆ.ವಿ.ಸಿ. ಕಂಪನಿ ವಿ.ಎಚ್.ಎಸ್. ತಂದಿತು. ಬೀಟಾದ ಚಿತ್ರ ತುಸು ಚೆಲುವು ಎನ್ನುತ್ತಿದ್ದರು; ವಿ.ಎಚ್.ಎಸ್.ನ ಟೇಪು ಉದ್ದ. ಒಂದು ಇಡೀ ಸಿನಿಮಾ ಒಂದೇ ಕ್ಯಾಸೆಟ್ಟಿನಲ್ಲಿ ಹಿಡಿಯಬೇಕೆಂಬ ಜನ ಉದ್ದವನ್ನೇ ಆರಿಸಿಕೊಂಡರು. ನಮ್ಮ ದೇಶಕ್ಕೆ ಈ ಯಂತ್ರ ದೊಡ್ಡ ಪ್ರಮಾಣದಲ್ಲಿ ಬಂದದ್ದು 1982ರ ಏಷ್ಯನ್ ಕ್ರೀಡೆಗಳ ಸುಮಾರಿಗೆ, ಬಣ್ಣದ ಟಿ.ವಿ.ಯ ಬೆನ್ನಿಗೇ. ಕೊಲ್ಲಿ ದೇಶಗಳಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಚಿನ್ನಕ್ಕಿಂತ ದೊಡ್ಡ ಜಾಗ ವಿ.ಸಿ.ಆರ್.ಗೇ ಎಂದು ಹೈದರಾಬಾದಿನಲ್ಲಿ ಯಾರನ್ನು ಕೇಳಿದರೂ ಹೇಳಿಯಾರು.

ಅಂದು ಜನ ಧಾರಾವಾಹಿಗಳನ್ನು ಏಕೆ ಮುದ್ರಿಸಿಕೊಳ್ಳುತ್ತಿದ್ದರು ಎಂಬುದನ್ನು ಇಂದಿನ ಹುಡುಗರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಒಂದು ಕಂತು ಒಮ್ಮೆ ತಪ್ಪಿದರೆ ತಪ್ಪಿಯೇ ಹೋಯಿತು. 1984ರ ಜುಲೈಯಲ್ಲಿ ‘ಹಮ್ ಲೋಗ್’ ಪ್ರಾರಂಭವಾಯಿತು; 1987ರ ಜನವರಿಯಿಂದ ಮರುವರ್ಷದ ಜುಲೈವರೆಗೆ ಭಾನುವಾರ ಬೆಳಿಗ್ಗೆ ‘ರಾಮಾಯಣ’; ಅದರ ಹಿಂದೆಯೇ ‘ಮಹಾಭಾರತ’, 94 ಕಂತು. ಕೆಲಸದ ಪಾಳಿ, ಪ್ರಯಾಣ, ಕರೆಂಟು ಹೋಗುವುದು, ನೆಂಟರು ಬರುವುದು, ಇವುಗಳ ನಡುವೆ ಒಂದೂ ಬಿಡದೆ ನೋಡುವುದೇ ಒಂದು ವ್ರತವಾಗಿತ್ತು. ಯಂತ್ರವಿದ್ದವರು ಅಕ್ಕಪಕ್ಕದವರಿಗಾಗಿ ಹಿಡಿದಿಟ್ಟರು. ಹೊರನಾಡಿನ ಕನ್ನಡಿಗರ ಕಷ್ಟ ಇನ್ನೂ ಒಂದು ಸುತ್ತು ಹೆಚ್ಚು. ಬೆಂಗಳೂರು ಕೇಂದ್ರದ ಕನ್ನಡ ಧಾರಾವಾಹಿಗಳು ಆ ದಿನಗಳಲ್ಲಿ ಹೈದರಾಬಾದಿನ ಆಂಟೆನಾಗೆ ಎಟುಕುತ್ತಿರಲಿಲ್ಲ. ಊರಲ್ಲಿ ಅಣ್ಣನೋ ಭಾವನೋ ಮುದ್ರಿಸಿಟ್ಟ ಕ್ಯಾಸೆಟ್ಟು ಚಟ್ನಿಪುಡಿಯ ಡಬ್ಬಿಯ ಜೊತೆಗೆ ರಾತ್ರಿ ಬಸ್ಸಿನಲ್ಲಿ ಬರಬೇಕಾಗಿತ್ತು. 1990ರ ಸುಮಾರಿನಲ್ಲಿ ಬಂದ ಸದಾನಂದ ಸುವರ್ಣರ ‘ಗುಡ್ಡದ ಭೂತ’ದ 13 ಕಂತುಗಳು ಬೆಂಗಳೂರಿನಿಂದ ದೂರವಿದ್ದವರಿಗೆ ತಲಪಿದ್ದರೆ ಹೀಗೆಯೇ ತಲಪಬೇಕು. ಪ್ರಕಾಶ್ ರೈ ಹೆಸರಾಗುವ ಮೊದಲಿನ ದಿನಗಳಲ್ಲಿ ಅಭಿನಯಿಸಿದ ಧಾರಾವಾಹಿ ಅದು.

ಇಂಥ ಸಂಗ್ರಹಗಳಲ್ಲಿ ಕನ್ನಡಿಗರ ಮನೆಗಳಲ್ಲಿ ತಪ್ಪದೆ ಸಿಗುವುದು ‘ಮಾಲ್ಗುಡಿ ಡೇಸ್’. ಆರ್. ಕೆ. ನಾರಾಯಣರ ಕಥೆಗಳು, ಶಂಕರ್ ನಾಗ್ ಅವರ ನಿರ್ದೇಶನ, ಟಿ. ಎಸ್. ನರಸಿಂಹನ್ ಅವರ ನಿರ್ಮಾಣ, ಎಲ್. ವೈದ್ಯನಾಥನ್ ಅವರ ಸಂಗೀತ, ಆರ್. ಕೆ. ಲಕ್ಷ್ಮಣರ ಗೆರೆಚಿತ್ರ, ಜಾನ್ ದೇವರಾಜರ ಕಲಾ ನಿರ್ದೇಶನ. ಇಷ್ಟು ಜನ ಸೇರಿ ಆಗುಂಬೆಯನ್ನು ಮಾಲ್ಗುಡಿಯನ್ನಾಗಿ ಮಾಡಿದರು. ಅನಂತನಾಗ್, ಗಿರೀಶ ಕಾರ್ನಾಡ್, ವೈಶಾಲಿ ಕಾಸರವಳ್ಳಿ, ಮಾಸ್ಟರ್ ಮಂಜುನಾಥ್ ಮೊದಲಾದ ನಮ್ಮವರೇ ಪಾತ್ರಧಾರಿಗಳು. ಆದರೂ ಅದು ಕನ್ನಡದಲ್ಲಿ ತಯಾರಾಗಲಿಲ್ಲ. ದೆಹಲಿಯ ಜಾಲಕ್ಕಾಗಿ ಹಿಂದಿಯಲ್ಲಿ, ಮೊದಲ ಕೆಲವು ಕಂತುಗಳ ಮಟ್ಟಿಗೆ ಇಂಗ್ಲಿಷಿನಲ್ಲಿಯೂ ತಯಾರಾಯಿತು. ಹೈದರಾಬಾದಿನ ಮನೆಗಳಲ್ಲಿ ಅದು ನೇರವಾಗಿ ಸಿಕ್ಕಿದ್ದಕ್ಕೂ ಕಾರಣ ಅದೇ. ಹಾಗಾಗಿ, ಕನ್ನಡದಲ್ಲಿಲ್ಲವಲ್ಲ ಎಂದು ಕೊರಗುವವರ ಮಾತನ್ನು ನಾವು ಅರ್ಧ ಮಾತ್ರ ಒಪ್ಪುತ್ತೇವೆ. ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ಮೂವತ್ತೈದು ವರ್ಷ. ಆಮೇಲೆ 2006ರಲ್ಲಿ ಕವಿತಾ ಲಂಕೇಶರು 15 ಕಂತುಗಳನ್ನು ಮಾಡಿ ಸೇರಿಸಿದರು. ಮೊದಲಿನ 39 ಸೇರಿ ಒಟ್ಟು 54.

ಈ ಲೆಕ್ಕವನ್ನು ಕೊಟ್ಟದ್ದಕ್ಕೆ ಕಾರಣವಿದೆ. ಸಂಗ್ರಹ ಮಾಡುವವನಿಗೆ ಮೊದಲು ಬೇಕಾದದ್ದು ಪೂರ್ಣ ಎಂದರೆ ಎಷ್ಟು ಎಂಬ ಅರಿವು. ‘ಪೂರ್ತಿ ಮಾಲ್ಗುಡಿ’ ಎಂದು ರಟ್ಟಿನ ಮೇಲೆ ಅಚ್ಚು ಮಾಡಿದ ಪೆಟ್ಟಿಗೆಯಲ್ಲಿ 39 ಇದ್ದರೆ ಅದು ಶಂಕರ್ ನಾಗ್ ಅವರ ಮಟ್ಟಿಗೆ ಪೂರ್ತಿ. 54 ಇದ್ದರೆ ಎರಡೂ ಕಾಲದ್ದು. ಇಂಗ್ಲಿಷಿನ ಕಂತುಗಳು ಮಾತ್ರ ಇದ್ದರೆ ಅದು ಬೇರೆಯೇ ವಸ್ತು. ಎರಡನೆಯದಾಗಿ, ಒಂದು ತಟ್ಟೆಯಲ್ಲಿ ಎಷ್ಟು ಹಿಡಿಯುತ್ತದೆಂಬ ಗಣಿತ. ಒಂದು ಕಂತು ಸುಮಾರು 22 ನಿಮಿಷವೆಂದು ಇಟ್ಟುಕೊಳ್ಳೋಣ. ವಿ.ಸಿ.ಡಿ. ಎಂಬುದು 1993ರಲ್ಲಿ ನಿಗದಿಯಾದ ಕ್ರಮ. ಒಂದು ತಟ್ಟೆಗೆ 74 ನಿಮಿಷ. ಆದ್ದರಿಂದ ತಟ್ಟೆಗೆ ಮೂರು ಕಂತು, 54ಕ್ಕೆ 18 ತಟ್ಟೆ. ಡಿ.ವಿ.ಡಿ. 1996ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. ಒಂದು ಪದರದ ತಟ್ಟೆಯಲ್ಲಿ ಒಳ್ಳೆಯ ಚಿತ್ರ ಬೇಕಾದರೆ ಎರಡು ಗಂಟೆಯಷ್ಟು, ಎಂದರೆ ಐದು ಕಂತು. 54ಕ್ಕೆ 11 ತಟ್ಟೆ. ಎರಡು ಪದರದ್ದಾದರೆ ಸುಮಾರು ಅದರರ್ಧ. ಇಷ್ಟು ತಿಳಿದವನಿಗೆ, ಫುಟ್‌ಪಾತಿನಲ್ಲಿ ಯಾರಾದರೂ ‘ಎಲ್ಲ ಕಂತೂ ಎರಡೇ ಡಿ.ವಿ.ಡಿ.ಯಲ್ಲಿ’ ಎಂದು ಕೂಗಿದರೆ ನಗು ಬರಬೇಕು. ಹಿಡಿಸುವುದು ಸಾಧ್ಯವೇನೋ ಹೌದು. ಹತ್ತು ಜನರ ಸಾರಿಗೆ ಐವತ್ತು ಜನರ ನೀರು ಸುರಿದ ಹಾಗೆ. ಮಳೆಯ ದೃಶ್ಯ ಬಂದಾಗ ಆಗುಂಬೆಯ ಮಳೆ ಹನಿಹನಿಯಾಗಿ ಕಾಣದೆ ಚೌಕಚೌಕವಾಗಿ ಕಾಣುತ್ತದೆ.

ಚಿತ್ರದ ಗುಣವನ್ನು ಕುರಿತು ಇನ್ನೆರಡು ಮಾತು. ನಮ್ಮ ದೇಶದ ಟಿ.ವಿ. ಚಿತ್ರದಲ್ಲಿ 625 ಅಡ್ಡಗೆರೆಗಳಿದ್ದವು. ಅವುಗಳಲ್ಲಿ 576 ಚಿತ್ರಕ್ಕೆ ಬಳಕೆಯಾಗುತ್ತಿದ್ದವು. ಡಿ.ವಿ.ಡಿ. ಈ 576ನ್ನೂ ಇಟ್ಟುಕೊಳ್ಳುತ್ತದೆ. ವಿ.ಸಿ.ಡಿ. ಅರ್ಧಕ್ಕೆ, 288ಕ್ಕೆ ಇಳಿಸುತ್ತದೆ. ವಿ.ಎಚ್.ಎಸ್. ಗೆರೆಗಳ ಸಂಖ್ಯೆಯನ್ನು ಬಿಡುವುದಿಲ್ಲ, ಆದರೆ ಅಡ್ಡಲಾಗಿ ಕಾಣುವ ಸೂಕ್ಷ್ಮಗಳನ್ನು, ಹಾಗೂ ಬಣ್ಣವನ್ನು, ಮಸುಕು ಮಾಡುತ್ತದೆ. ಆದ್ದರಿಂದ ಕ್ಯಾಸೆಟ್ಟಿಗಿಂತ ವಿ.ಸಿ.ಡಿ. ಹೊಸದು, ಹೊಸದು ಎಂದಮೇಲೆ ಮೇಲು ಎಂಬ ತೀರ್ಮಾನಕ್ಕೆ ಬರಬಾರದು. ಚೆನ್ನಾಗಿ ಮುದ್ರಿಸಿದ, ಚೆನ್ನಾಗಿ ಇಟ್ಟ ಕ್ಯಾಸೆಟ್ಟು ಅನೇಕ ಸಲ ವಿ.ಸಿ.ಡಿ.ಯನ್ನು ಸೋಲಿಸುತ್ತದೆ. ಮನೆಯಲ್ಲಿ ಎರಡೂ ಇದ್ದು ಒಂದನ್ನು ಮಾತ್ರ ಇಡಲು ಜಾಗವಿದ್ದರೆ, ಎರಡನ್ನೂ ನೋಡಿದ ಮೇಲೆ ಆರಿಸಿ.

ಅಮೆರಿಕದಿಂದ ಹಿಂದಿರುಗಿ ಮಾದಾಪುರ, ಕೊಂಡಾಪುರಗಳಲ್ಲಿ ನೆಲೆಸಿದ ಕುಟುಂಬಗಳಿಗೆ ಬೇರೊಂದು ತೊಡಕು. ಅಲ್ಲಿ ಮುದ್ರಿಸಿದ ಕ್ಯಾಸೆಟ್ಟು ಎನ್.ಟಿ.ಎಸ್.ಸಿ. ಎಂಬ ಪದ್ಧತಿಯದು, ಇಲ್ಲಿನದು ಪಾಲ್. ಹಳೆಯ ಯಂತ್ರಗಳಲ್ಲಿ ಒಂದರದು ಇನ್ನೊಂದರಲ್ಲಿ ಓಡದು, ಓಡಿದರೂ ಚಿತ್ರ ಉರುಳುತ್ತದೆ. ಡಿ.ವಿ.ಡಿ.ಗಳಿಗೆ ವಲಯದ ಬೀಗವೂ ಉಂಟು. ಅಮೆರಿಕ 1ನೆಯ ವಲಯ, ಯುರೋಪ್ ಮತ್ತು ಜಪಾನ್ 2, ಭಾರತ 5. ಬೀಗದ ಉದ್ದೇಶ ಕೇವಲ ವ್ಯಾಪಾರದ್ದು. ತಟ್ಟೆಯೇ ಕೆಟ್ಟಿದೆ ಎಂದು ಎಸೆಯುವ ಮೊದಲು ಬೆನ್ನಿನ ಮೇಲಿನ ಪುಟ್ಟ ಭೂಗೋಳದ ಗುರುತಿನಲ್ಲಿ ಯಾವ ಅಂಕೆ ಇದೆ ಎಂದು ನೋಡುವುದು ಒಳ್ಳೆಯದು.

ಇನ್ನು, ಕೊಂಡು ತಂದದ್ದಕ್ಕೂ ಮನೆಯಲ್ಲಿ ಮುದ್ರಿಸಿದ್ದಕ್ಕೂ ಇರುವ ಭೇದ. ಅಂಗಡಿಯಲ್ಲಿ ಮಾರಿದ ಪೆಟ್ಟಿಗೆ ನಿಮ್ಮಲ್ಲಿ ಕೆಟ್ಟರೆ ಇನ್ನೊಬ್ಬರಲ್ಲಿ ಇದ್ದೀತು. ಮೋಸರ್ ಬೇಯರ್ ಎಂಬ ಕಂಪನಿ 2007ರ ಸುಮಾರಿಗೆ ಸಿನಿಮಾ ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರಿದಾಗ ತರಕಾರಿ ಕೊಳ್ಳುವ ಹಾಗೆ ಜನ ತಟ್ಟೆ ಕೊಂಡರು. 2018ರಲ್ಲಿ ಆ ಕಂಪನಿ ಮುಚ್ಚುವ ಆಜ್ಞೆಯಾಯಿತು. ತಟ್ಟೆಗಳು ಮಾತ್ರ ಇನ್ನೂ ಆಬಿಡ್ಸಿನ ಭಾನುವಾರದ ಹಳೆ ಪುಸ್ತಕದ ಸಾಲಿನಲ್ಲಿ ಆಗೊಮ್ಮೆ ಈಗೊಮ್ಮೆ ತಲೆ ಎತ್ತುತ್ತವೆ. ಮನೆಯಲ್ಲಿ ಪ್ರಸಾರದಿಂದ ಮುದ್ರಿಸಿದ ಕ್ಯಾಸೆಟ್ಟು ಹಾಗಲ್ಲ. ಅದರಲ್ಲಿ ಧಾರಾವಾಹಿಯ ಹಿಂದೆಮುಂದೆ ಅಂದಿನ ಜಾಹೀರಾತು, ಪ್ರಕಟಣೆ, ವಾರ್ತೆಯ ಕೊನೆಯ ಒಂದು ನಿಮಿಷ, ಕೊನೆಗೆ ‘ರುಕಾವಟ್ ಕೇ ಲಿಯೇ ಖೇದ್ ಹೈ’ ಎಂಬ ಆ ಪ್ರಸಿದ್ಧ ಫಲಕವೂ ಸಿಕ್ಕಿಕೊಂಡಿರುತ್ತದೆ. ಅಂದು ಬೇಸರ ತರಿಸಿದ ಈ ಭಾಗವೇ ಇಂದು ಬೆಲೆಯುಳ್ಳದ್ದು. ಏಕೆಂದರೆ ಧಾರಾವಾಹಿಯ ಮೂಲ ನಿರ್ಮಾಪಕರ ಬಳಿ ಇದ್ದೀತು, ಪ್ರಕಟಣೆಗಳನ್ನು ಯಾರು ಇಟ್ಟಿದ್ದಾರೆ?

‘ಇದ್ದೀತು’ ಎಂದೆವು, ‘ಇದೆ’ ಎನ್ನಲು ಬರುವುದಿಲ್ಲ. ಇದೇ ಈ ಲೇಖನದ ನಡುವಿನ ಸಂಗತಿ. ಟಿ.ವಿ. ಕೇಂದ್ರಗಳು ಬಳಸುತ್ತಿದ್ದ ದೊಡ್ಡ ಟೇಪು ಬಹಳ ದುಬಾರಿ. ಒಮ್ಮೆ ಪ್ರಸಾರವಾದ ಮೇಲೆ ಅದನ್ನು ಅಳಿಸಿ ಮತ್ತೆ ಬಳಸುವುದು ಪ್ರಪಂಚದ ಎಲ್ಲ ಕಡೆ ವಾಡಿಕೆಯಾಗಿತ್ತು. ನಮ್ಮ ದೂರದರ್ಶನದಲ್ಲಿಯೂ ಹೀಗಾದದ್ದುಂಟು. ಬ್ರಿಟನ್ನಿನ ಬಿ.ಬಿ.ಸಿ.ಯಂಥ ಸಂಸ್ಥೆಯೇ 1960ರ ದಶಕದ ‘ಡಾಕ್ಟರ್ ಹೂ’ ಎಂಬ ಜನಪ್ರಿಯ ಮಾಲಿಕೆಯ ಕಂತುಗಳನ್ನು ಅಳಿಸಿಹಾಕಿತು. ಹೊರದೇಶಗಳಿಗೆ ಕಳುಹಿಸಿದ ಪ್ರತಿಗಳನ್ನು ಹುಡುಕಿ ಕೆಲವನ್ನು ಹಿಂದಕ್ಕೆ ತಂದರೂ 90ಕ್ಕಿಂತ ಹೆಚ್ಚು ಕಂತುಗಳು ಸಿಗದೇ ಹೋದವು. ವಿಚಿತ್ರವೆಂದರೆ ಆ ಕಳೆದುಹೋದ ಕಂತುಗಳ ಮಾತು, ಸಂಗೀತ ಎಲ್ಲವೂ ಉಳಿದಿದೆ. ಮನೆಯಲ್ಲಿ ಕುಳಿತ ಅಭಿಮಾನಿಗಳು ಟಿ.ವಿ.ಯ ಮುಂದೆ ಧ್ವನಿಮುದ್ರಣ ಯಂತ್ರವನ್ನಿಟ್ಟು ಹಿಡಿದದ್ದರಿಂದ ಉಳಿಯಿತು. ದೊಡ್ಡ ಸಂಸ್ಥೆ ಅಳಿಸಿದ್ದನ್ನು ಮನೆಯ ಮಕ್ಕಳು ಉಳಿಸಿದರು. ಇದಕ್ಕೆ ವಿರುದ್ಧವಾದ ನಿದರ್ಶನ ಅಮೆರಿಕದ ‘ಐ ಲವ್ ಲೂಸಿ’. 1951ರಲ್ಲಿ ಪ್ರಾರಂಭವಾದ ಅದನ್ನು ಸಿನಿಮಾದ ಹಾಗೆ 35 ಮಿಲಿಮೀಟರ್ ಫಿಲ್ಮಿನಲ್ಲಿ ತೆಗೆದಿದ್ದರು. ಆದ್ದರಿಂದಲೇ ಅದು ಇಂದಿಗೂ ಹೊಸದರಂತೆ ಹೊಳೆಯುತ್ತದೆ. ಫಿಲ್ಮಿನಲ್ಲಿ ತೆಗೆದದ್ದನ್ನು ಮತ್ತೊಮ್ಮೆ ಹೆಚ್ಚು ಸೂಕ್ಷ್ಮವಾಗಿ ನಕಲಿಳಿಸಬಹುದು. ಟೇಪಿನಲ್ಲಿ ತೆಗೆದದ್ದರಲ್ಲಿ ಎಷ್ಟಿತ್ತೋ ಅಷ್ಟೇ.

ಫಿಲಡೆಲ್ಫಿಯದ ಮೇರಿಯನ್ ಸ್ಟೋಕ್ಸ್ ಎಂಬ ಮಹಿಳೆಯ ಹೆಸರನ್ನು ಇಲ್ಲಿ ಹೇಳದಿರುವುದು ಸರಿಯಲ್ಲ. ಆಕೆ ಗ್ರಂಥಪಾಲಕಿಯಾಗಿದ್ದವರು. 1970ರ ದಶಕದ ಕೊನೆಯಿಂದ 2012ರಲ್ಲಿ ತೀರಿಕೊಳ್ಳುವವರೆಗೆ, ಹಗಲು ರಾತ್ರಿ ಹಲವು ಯಂತ್ರಗಳನ್ನು ಓಡಿಸಿ ಟಿ.ವಿ. ವಾರ್ತೆಗಳನ್ನು ಸುಮಾರು 70,000 ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟರು. ಮನೆಯವರಿಗೆ ಅದು ಹುಚ್ಚೆನಿಸಿದ್ದರೆ ತಪ್ಪೇನಿಲ್ಲ. ಆಮೇಲೆ ಆ ಎಲ್ಲವೂ ಸಾನ್ ಫ್ರಾನ್ಸಿಸ್ಕೊದ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಗೆ ಹೋಯಿತು. ನಾವು ಯಾರಿಗೂ ಇಂಥ ವ್ರತವನ್ನು ಹೇರುವುದಿಲ್ಲ. ಎರಡು ಕೋಣೆಯ ಮನೆಯಲ್ಲಿ 70,000 ಕ್ಯಾಸೆಟ್ಟು ಇಟ್ಟರೆ ಮನುಷ್ಯರು ಹೊರಗೆ ಮಲಗಬೇಕಾಗುತ್ತದೆ. ಆದರೆ ಅಟ್ಟದ ಮೇಲೆ ಇರುವ ಹನ್ನೆರಡನ್ನು ಕೆಡದಂತೆ ನೋಡಿಕೊಳ್ಳುವುದು ಅಷ್ಟು ಕಷ್ಟದ ಕೆಲಸವಲ್ಲ.

ಕ್ಯಾಸೆಟ್ಟು ಕೆಡುವುದು ಹೇಗೆ? ಟೇಪೆಂದರೆ ಪ್ಲಾಸ್ಟಿಕ್ಕಿನ ಪಟ್ಟಿ, ಅದರ ಮೇಲೆ ಕಬ್ಬಿಣದ ಆಕ್ಸೈಡಿನ ನುಣುಪಾದ ಪುಡಿ, ಪುಡಿಯನ್ನು ಹಿಡಿದಿಡುವ ಒಂದು ಅಂಟು. ಚಿತ್ರವಿರುವುದು ಆ ಪುಡಿಯ ಕಾಂತಗುಣದಲ್ಲಿ. ವಿ.ಎಚ್.ಎಸ್. ಟೇಪಿನ ಅಗಲ ಅರ್ಧ ಅಂಗುಲ. ಗಾಳಿಯ ತೇವವನ್ನು ಹೀರಿ ಅಂಟು ಸಡಿಲವಾಗುತ್ತದೆ. ಪುಡಿ ಉದುರಿ ಯಂತ್ರದ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಬೇಸಿಗೆಯ ಶಾಖಕ್ಕೆ ಟೇಪು ಹಿಗ್ಗಿ ಸುಕ್ಕುಗಟ್ಟುತ್ತದೆ. ಹೈದರಾಬಾದಿನಲ್ಲಿ ಮೇ ತಿಂಗಳ ಶಾಖ 40 ಡಿಗ್ರಿ ದಾಟುತ್ತದೆ. ತಾರಸಿಯ ಕೆಳಗಿನ ಅಟ್ಟದಲ್ಲಿ ಅದಕ್ಕಿಂತಲೂ ಹೆಚ್ಚು. ಜೂನ್ ಕಳೆದರೆ ತೇವ. ಹಾಗಾಗಿ ಕ್ಯಾಸೆಟ್ಟಿಗೆ ಅಟ್ಟವೇ ಮನೆಯೊಳಗೆಲ್ಲ ಕೆಟ್ಟ ಜಾಗ. ಒಳಗೋಡೆಯ ಕಪಾಟಿನ ನಡುವಿನ ಅರೆ ಉತ್ತಮ. ಮಲಗಿಸದೆ ಪುಸ್ತಕದ ಹಾಗೆ ನಿಲ್ಲಿಸಿಡಬೇಕು. ಒಂದು ಕೊನೆಯವರೆಗೆ ಪೂರ್ತಿ ಸುತ್ತಿ ಇಡಬೇಕು. ಸ್ಪೀಕರಿನ ಪಕ್ಕ, ಮಿಕ್ಸಿಯ ಪಕ್ಕ ಇಡಬಾರದು. ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿದರೆ ಲೇಸು.

ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದಾಗ ಟೇಪಿನ ಅಂಚಿನಲ್ಲಿ ಬಿಳಿಯ ಬೂದಿಯಂಥದು ಕಂಡರೆ ಅದು ಬೂಷ್ಟು. ಅದನ್ನು ಯಂತ್ರಕ್ಕೆ ಹಾಕಲೇಬಾರದು. ಹಾಕಿದರೆ ಹೆಡ್ಡು ಹಾಳಾಗುವುದಷ್ಟೇ ಅಲ್ಲ, ಮುಂದೆ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ಹತ್ತುತ್ತದೆ. ಬೇರೆ ಚೀಲದಲ್ಲಿ ಕಟ್ಟಿ, ತಿಳಿದವರ ಕೈಗೆ ಕೊಡಬೇಕು. ಹಾಗೆಯೇ ಪ್ರತಿ ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ನಾಲಿಗೆ ಇರುತ್ತದೆ. ಅದನ್ನು ಮುರಿದರೆ ಅದರ ಮೇಲೆ ಮತ್ತೆ ಮುದ್ರಿಸಲು ಯಂತ್ರ ಒಪ್ಪುವುದಿಲ್ಲ. ‘ಅಳಿಸಬಾರದು’ ಎಂದು ನೂರು ಸಲ ಬರೆಯುವುದಕ್ಕಿಂತ ಈ ನಾಲಿಗೆಯನ್ನು ಒಮ್ಮೆ ಮುರಿಯುವುದು ಹೆಚ್ಚು ಫಲಕಾರಿ. ಮದುವೆಯ ಕ್ಯಾಸೆಟ್ಟಿನ ಮೇಲೆ ಕ್ರಿಕೆಟ್ ಮುದ್ರಿಸಿ ಮನೆಯಲ್ಲಿ ರಂಪವಾದ ಕಥೆಗಳು ಪ್ರತಿ ವಠಾರದಲ್ಲಿಯೂ ಇದ್ದವು.

ತಟ್ಟೆಗಳೂ ಚಿರಂಜೀವಿಗಳಲ್ಲ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ತಟ್ಟೆಯ ಕೆಳಮೈ ಬೆಳ್ಳಿಯಂತಿರುತ್ತದೆ. ಕಂಪ್ಯೂಟರಿನಲ್ಲಿ ಬರೆದ ತಟ್ಟೆಯದು ನೇರಳೆ ಅಥವಾ ಹಸಿರು ಛಾಯೆ. ಎರಡನೆಯದರಲ್ಲಿ ಚಿತ್ರವಿರುವುದು ಒಂದು ಬಣ್ಣದ ಪದರದಲ್ಲಿ; ಬಿಸಿಲಿಗೆ ಬಣ್ಣ ಮಾಸಿದಂತೆ ಅದೂ ಮಾಸುತ್ತದೆ. ಕ್ಯಾಸೆಟ್ಟನ್ನು ಇಪ್ಪತ್ತು ವರ್ಷದ ಹಿಂದೆಯೇ ಡಿ.ವಿ.ಡಿ.ಗೆ ಹಾಕಿಸಿ ನಿಶ್ಚಿಂತರಾದವರು ಆ ತಟ್ಟೆ ಈಗ ಓಡುತ್ತದೆಯೇ ಎಂದು ಒಮ್ಮೆ ನೋಡಬೇಕು. ವಿ.ಸಿ.ಡಿ.ಯ ಹೊಳಪಿನ ಪದರವಿರುವುದು ಕೆಳಗಲ್ಲ, ಹೆಸರು ಬರೆಯುವ ಮೇಲ್ಮೈಗೆ ತೀರ ಹತ್ತಿರ. ಆದ್ದರಿಂದ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಚಿತ್ರಕ್ಕೇ ಗಾಯ. ಡಿ.ವಿ.ಡಿ.ಯಲ್ಲಿ ಆ ಪದರ ಎರಡು ಪ್ಲಾಸ್ಟಿಕ್ಕುಗಳ ನಡುವೆ ಸುರಕ್ಷಿತವಾಗಿದೆ.

ಈಗ ಅವಸರದ ಮಾತು. ಕ್ಯಾಸೆಟ್ಟು ಇನ್ನೂ ಹತ್ತು ವರ್ಷ ಬಾಳಬಹುದು. ಅದನ್ನು ಓಡಿಸುವ ಯಂತ್ರ ಬಾಳುವುದೇ? ಪ್ರಪಂಚದಲ್ಲಿ ವಿ.ಎಚ್.ಎಸ್. ಯಂತ್ರ ಮಾಡುತ್ತಿದ್ದ ಕೊನೆಯ ಕಂಪನಿ ಜಪಾನಿನ ಫುನಾಯ್. ಅದು 2016ರ ಜುಲೈಯಲ್ಲಿ ತಯಾರಿಕೆ ನಿಲ್ಲಿಸಿತು. ಇಂದು ಇರುವುದೆಲ್ಲ ಹಳೆಯ ಯಂತ್ರಗಳೇ. ಅವುಗಳ ರಬ್ಬರಿನ ಪಟ್ಟಿ ಒಣಗುತ್ತದೆ, ಹೆಡ್ಡು ಸವೆಯುತ್ತದೆ, ರಿಪೇರಿ ತಿಳಿದ ಕೈಗಳು ಕಡಿಮೆಯಾಗುತ್ತಿವೆ. ಹೈದರಾಬಾದಿನಲ್ಲಿ ಈ ವಿದ್ಯೆ ಬಲ್ಲ ಮೆಕಾನಿಕ್ಕುಗಳು ಹಳೆಯ ಪೇಟೆಗಳಲ್ಲಿ ಇನ್ನೂ ಸಿಗುವುದುಂಟು. ಸಿಕ್ಕಿದಾಗ ಕೆಲಸ ಮುಗಿಸಿಕೊಳ್ಳುವುದು ಜಾಣತನ.

ನಕಲು ಇಳಿಸುವ ಕ್ರಮ ಕಷ್ಟವಾದದ್ದಲ್ಲ, ತಾಳ್ಮೆಯದು. ವಿ.ಸಿ.ಆರ್.ನಿಂದ ಒಂದು ಪುಟ್ಟ ಉಪಕರಣದ ಮೂಲಕ ಕಂಪ್ಯೂಟರಿಗೆ ತಂತಿ ಹಾಯಿಸಿ ಕ್ಯಾಸೆಟ್ಟನ್ನು ಓಡಿಸಬೇಕು. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆ ಹಿಡಿಯುತ್ತದೆ, ಅಡ್ಡದಾರಿ ಇಲ್ಲ. ಡಿ.ವಿ. ಎಂಬ ಕ್ರಮದಲ್ಲಿ ಗಂಟೆಗೆ ಸುಮಾರು 13 ಗಿಗಾಬೈಟ್ ಜಾಗ ಬೇಕು. ಹಾಗೆಂದರೆ ಒಂದು ಕ್ಯಾಸೆಟ್ಟಿಗೆ ಸುಮಾರು 39. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಇಪ್ಪತ್ತೈದು ಕ್ಯಾಸೆಟ್ಟು. ಜಾಗ ಉಳಿಸಲೆಂದು ಮೊದಲ ಪ್ರತಿಯನ್ನೇ ಕುಗ್ಗಿಸಿ ಇಳಿಸುವ ಅಂಗಡಿಗಳುಂಟು. ಅದು ಬೇಡ. ಮೊದಲ ಪ್ರತಿ ದೊಡ್ಡದಾಗಿಯೇ ಇರಲಿ. ಮೊಬೈಲಿನಲ್ಲಿ ನೋಡಲು ಬೇಕಾದ ಚಿಕ್ಕ ಪ್ರತಿಯನ್ನು ಅದರಿಂದ ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು. ಜಾಹೀರಾತನ್ನೂ ಕತ್ತರಿಸಿ ‘ಚೊಕ್ಕ’ ಮಾಡಿಕೊಡುತ್ತೇವೆ ಎನ್ನುತ್ತಾರೆ. ಅದೂ ಬೇಡ, ಏಕೆಂದು ಮೇಲೆಯೇ ಹೇಳಿದೆವು. ಎರಡು ಪ್ರತಿ ಮಾಡಿ ಎರಡು ಮನೆಗಳಲ್ಲಿ ಇಡಬೇಕು. ಅಣ್ಣತಮ್ಮಂದಿರಿಗೆ ಒಳ್ಳೆಯ ಮಾತಿದ್ದರೆ ಇದಕ್ಕಿಂತ ಅಗ್ಗದ ವಿಮೆ ಇಲ್ಲ. ಪ್ರತಿ ಸಿದ್ಧವಾದ ಮೇಲೂ ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿ.

ಇಷ್ಟೆಲ್ಲ ಏಕೆ, ಎಲ್ಲವೂ ಮೊಬೈಲಿನಲ್ಲಿ ಬರುತ್ತದೆಯಲ್ಲ ಎಂದು ನಮ್ಮ ವಾಚನಾಲಯದ ಕಿರಿಯರು ಕೇಳುತ್ತಾರೆ. ಹಲವು ಬರುತ್ತವೆ, ನಿಜ. 2020ರ ಲಾಕ್‌ಡೌನಿನಲ್ಲಿ ದೂರದರ್ಶನ ‘ರಾಮಾಯಣ’ವನ್ನು ಮತ್ತೆ ಪ್ರಸಾರ ಮಾಡಿದಾಗ ಮೂರು ತಲೆಮಾರು ಒಟ್ಟಿಗೆ ಕುಳಿತು ನೋಡಿತು. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿ ‘ವೇವ್ಸ್’ ಎಂಬ ತನ್ನ ವೇದಿಕೆಯನ್ನೂ ತೆರೆಯಿತು. ಆದರೆ ಜಾಲದಲ್ಲಿ ಇಂದು ಇರುವುದು ನಾಳೆ ಹಕ್ಕಿನ ಕರಾರು ಮುಗಿದರೆ ಇರುವುದಿಲ್ಲ. ಇದ್ದರೂ ಹಾಗೆಯೇ ಇರುವುದೆಂಬ ಭರವಸೆ ಇಲ್ಲ. ಅಮೆರಿಕದ ‘ಡಬ್ಲ್ಯು.ಕೆ.ಆರ್.ಪಿ. ಇನ್ ಸಿನ್ಸಿನಾಟಿ’ ಎಂಬ ಧಾರಾವಾಹಿ ರೇಡಿಯೊ ಕೇಂದ್ರವೊಂದರ ಕಥೆ. ಅದರ ಜೀವವೇ ಅದರಲ್ಲಿ ನುಡಿಸಿದ ಹಾಡುಗಳು. ಹಾಡಿನ ಹಕ್ಕಿಗೆ ಹಣ ಸಾಲದೆ, ಮುಂದೆ ಮಾರಾಟಕ್ಕೆ ಬಂದ ತಟ್ಟೆಗಳಲ್ಲಿ ಹಲವು ಹಾಡುಗಳನ್ನು ತೆಗೆದು ಬೇರೆ ಸಂಗೀತ ತುಂಬಿದರು. ಮೊದಲಿನದು ಹೇಗಿತ್ತೆಂದು ತಿಳಿಯಲು ಅಂದು ಮನೆಯಲ್ಲಿ ಮುದ್ರಿಸಿದವರ ಕ್ಯಾಸೆಟ್ಟೇ ಗತಿಯಾಯಿತು.

ಕನ್ನಡದ ಮಟ್ಟಿಗೆ ಯೋಚಿಸಬೇಕಾದ ಕಾಲ ಇನ್ನೊಂದಿದೆ; ಅದೂ ನಮ್ಮ ಊರಿಗೇ ಸೇರಿದ್ದು. 2000ದ ಡಿಸೆಂಬರಿನಲ್ಲಿ ಶುರುವಾದ ಈಟಿವಿ ಕನ್ನಡ ವಾಹಿನಿ ಹೈದರಾಬಾದಿನ ಆ ತುದಿಯ ರಾಮೋಜಿ ಫಿಲ್ಮ್ ಸಿಟಿಯ ಸಂಸ್ಥೆಯದಾಗಿತ್ತು. ಗಿರೀಶ ಕಾಸರವಳ್ಳಿಯವರು ಭೈರಪ್ಪನವರ ಕಾದಂಬರಿಯಿಂದ ಮಾಡಿದ ‘ಗೃಹಭಂಗ’, ವೈಶಾಲಿ ಕಾಸರವಳ್ಳಿಯವರ ‘ಮೂಡಲಮನೆ’, ಟಿ. ಎನ್. ಸೀತಾರಾಮರ ‘ಮನ್ವಂತರ’ ಮತ್ತು ‘ಮುಕ್ತ’, ಸಿಹಿಕಹಿ ಚಂದ್ರು ಅವರ ‘ಸಿಲ್ಲಿ ಲಲ್ಲಿ’, ಎಲ್ಲ ಆ ವಾಹಿನಿಯಲ್ಲಿ ಬಂದವು. 2015ರಲ್ಲಿ ವಾಹಿನಿಯ ಹೆಸರು ಕಲರ್ಸ್ ಕನ್ನಡ ಎಂದಾಯಿತು. ದಿನವಹಿ ಧಾರಾವಾಹಿಯ ಕಂತುಗಳು ನೂರುಗಟ್ಟಲೆ. ಅವನ್ನು ತಟ್ಟೆಯಲ್ಲಿ ಮಾರುವುದು ಯಾರಿಗೂ ಲಾಭದ ವ್ಯಾಪಾರವಲ್ಲ. ಆ ಹೊತ್ತಿಗೆ ಮನೆಮಂದಿ ವಿ.ಸಿ.ಆರ್. ಬಿಟ್ಟಿದ್ದರು, ಡಿ.ವಿ.ಡಿ. ಯಂತ್ರಗಳಲ್ಲಿ ಮುದ್ರಿಸುವ ಸೌಕರ್ಯ ಹೆಚ್ಚಿನವರಿಗೆ ಇರಲಿಲ್ಲ. ಆದ್ದರಿಂದ 1988ರ ಒಂದು ಭಾನುವಾರದ ಕುರುಹು ಸಿಕ್ಕುವಷ್ಟು ಸುಲಭವಾಗಿ 2003ರ ಒಂದು ಬುಧವಾರದ್ದು ಮನೆಗಳಲ್ಲಿ ಸಿಕ್ಕುವುದಿಲ್ಲ. ನಮ್ಮ ವಾಚಕರಲ್ಲಿ ಯಾರಾದರೂ ಆ ವರ್ಷಗಳಲ್ಲಿ ಕೇಬಲ್ಲಿನಿಂದ ಏನನ್ನಾದರೂ ಕ್ಯಾಸೆಟ್ಟಿಗೆ ಹಿಡಿದಿದ್ದರೆ, ಎರಡೇ ಕಂತಾಗಲಿ, ಮೊದಲು ಅದರ ಕಡೆ ಗಮನ ಕೊಡಿ. ಮಾಲ್ಗುಡಿ ಕಾಯಬಲ್ಲುದು.

ಕಾನೂನಿನ ಮಾತನ್ನು ಬಿಡುವಂತಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಲನಚಿತ್ರದ ಹಕ್ಕು, ಅದು ಹೊರಬಂದ ಮರುವರ್ಷದಿಂದ 60 ವರ್ಷ ಇರುತ್ತದೆ. ಆ ಲೆಕ್ಕದಲ್ಲಿ 1987ರ ಧಾರಾವಾಹಿಯ ಹಕ್ಕು 2047ರ ಕೊನೆಯವರೆಗೂ ಇದೆ. ನಿಮ್ಮ ಕ್ಯಾಸೆಟ್ಟನ್ನು ನಿಮ್ಮ ಮನೆಯಲ್ಲಿ ನೋಡುವುದು ಬೇರೆ. ಅದರ ಪ್ರತಿ ಮಾಡಿ ಮಾರುವುದು, ಜಾಲಕ್ಕೆ ಏರಿಸುವುದು, ಸಭೆ ಸೇರಿಸಿ ಪ್ರದರ್ಶಿಸುವುದು ಬೇರೆ. 2012ರ ತಿದ್ದುಪಡಿಯಲ್ಲಿ ಒಂದು ಉಪಯುಕ್ತ ಮಾತು ಸೇರಿದೆ: ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿ ಈಗಾಗಲೇ ಇರುವ ಹಳೆಯ ರೂಪದ ಕೃತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇಟ್ಟುಕೊಳ್ಳಬಹುದು. ಸಂಘದ ಉಚಿತ ವಾಚನಾಲಯ ಈ ಮಾತಿನ ವ್ಯಾಪ್ತಿಗೆ ಬರುವುದೇ ಎಂಬುದನ್ನು ವಕೀಲರಿಂದ ಕೇಳಿ ತಿಳಿದ ಮೇಲೆಯೇ ನಾವು ಮುಂದುವರಿಯುತ್ತೇವೆ. ಅಲ್ಲಿಯವರೆಗೆ ಇಲ್ಲಿ ನಕಲು ಮಾಡಿಕೊಡುವುದೂ ಇಲ್ಲ, ಪ್ರದರ್ಶನವೂ ಇಲ್ಲ. ಕೊಟ್ಟ ಕ್ಯಾಸೆಟ್ಟನ್ನು ಒಣಗಿದ ಜಾಗದಲ್ಲಿ ಇಡುತ್ತೇವೆ, ಪಟ್ಟಿ ಬರೆದಿಡುತ್ತೇವೆ, ಅಷ್ಟೇ.

ಆ ಪಟ್ಟಿಗಾಗಿ ಕೊಡುವವರಲ್ಲಿ ಒಂದು ಬೇಡಿಕೆ. ಕ್ಯಾಸೆಟ್ಟಿನ ಜೊತೆಗೆ ಒಂದು ಚೀಟಿ ಇರಲಿ: ಯಾವ ಊರಿನಲ್ಲಿ ಮುದ್ರಿಸಿದ್ದು, ಯಾವ ವಾಹಿನಿ, ನೆನಪಿದ್ದರೆ ಯಾವ ವರ್ಷ, ಕೊನೆಯ ಸಲ ಓಡಿಸಿದ್ದು ಯಾವಾಗ, ಬೂಷ್ಟು ಕಂಡಿದೆಯೇ. ವರ್ಷ ನೆನಪಿಲ್ಲದಿದ್ದರೆ ಆಗ ಮನೆಯಲ್ಲಿ ಮಗು ಯಾವ ತರಗತಿಯಲ್ಲಿತ್ತು ಎಂದಾದರೂ ಬರೆಯಿರಿ. ಅದರಿಂದ ನಾವು ಲೆಕ್ಕ ಹಾಕಿಕೊಳ್ಳುತ್ತೇವೆ. ಚೀಟಿಯನ್ನು ಕ್ಯಾಸೆಟ್ಟಿಗೆ ಅಂಟಿಸಬೇಡಿ, ಪೆಟ್ಟಿಗೆಯ ಒಳಗೆ ಇಡಿ. ಅಂಟು ಕರಗಿ ಟೇಪಿಗೆ ಇಳಿಯುತ್ತದೆ.